ಮೇಲಧಿಕಾರಿಯ ಚಿಕಿತ್ಸೆಗೆ ಸಹೋದ್ಯೋಗಿಗಳ ಹಣ: ಕ್ಯಾಲಿಫೋರ್ನಿಯಾದ ನಿಯಮ ಏನನ್ನು ಒಪ್ಪುತ್ತದೆ, ಏನನ್ನು ತಡೆಯುತ್ತದೆ

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಒಂದು ನಗರಾಡಳಿತದ ಪ್ಲ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಉಪನಿರ್ದೇಶಕರಿಗೆ ರಕ್ತದ ಕ್ಯಾನ್ಸರ್ ಇದೆ. ಅವರ ಸಂಬಳಸಹಿತ ರಜೆಯೆಲ್ಲ ಮುಗಿದುಹೋಗಿದೆ. ಅವರ ಕೈಕೆಳಗೆ ಕೆಲಸ ಮಾಡುವ ನಾವೆಲ್ಲ ಸೇರಿ ಚಿಕಿತ್ಸೆಯ ಖರ್ಚಿಗೆ ಹಣ ಕೂಡಿಸಬೇಕೆಂದಿದ್ದೇವೆ. ಒಬ್ಬ ಸಹೋದ್ಯೋಗಿ ಈಗಾಗಲೇ ಅವರ ಪತ್ನಿಯ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ದೇಣಿಗೆ ಕೂಡಿಸುವ ಗೋಫಂಡ್‌ಮಿ ಪುಟ ತೆರೆದಿದ್ದಾರೆ. ನಮ್ಮ ವಿಭಾಗಕ್ಕೆ ಮಂಜೂರಾತಿಗಾಗಿ ನಕ್ಷೆಗಳನ್ನು ತರುವ ಸಿವಿಲ್ ಎಂಜಿನಿಯರ್ ಒಬ್ಬರು ಅದಕ್ಕೆ 1,000 ಡಾಲರ್ ಹಾಕಿದ್ದಾರೆ. ಹಣ ಇನ್ನೂ ಪುಟದಲ್ಲೇ ಇದೆ. ನಾವು ಹೀಗೆ ಕೊಡುವುದು ನಿಯಮಕ್ಕೆ ವಿರುದ್ಧವೇ? ಕಚೇರಿಯ ಇ-ಮೇಲ್‌ನಲ್ಲಿ ಎಲ್ಲರಿಗೂ ತಿಳಿಸಬಹುದೇ? ನಮ್ಮ ರಜೆಯನ್ನು ಅವರಿಗೆ ಕೊಡಬಹುದು ಎನ್ನುತ್ತಾರೆ, ಅದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬಗೆಯ ನೆರವು ಒಂದರೊಳಗೊಂದು ಸೇರಿಕೊಂಡಿವೆ, ಕಾನೂನು ಆ ಮೂರನ್ನೂ ಒಂದೇ ರೀತಿಯಲ್ಲಿ ನೋಡುವುದಿಲ್ಲ. ರಜೆ ಕೊಡುವುದು ಎಲ್ಲಕ್ಕಿಂತ ನಿರಾತಂಕವಾದ ದಾರಿ, ಅದರಿಂದಲೇ ಆರಂಭಿಸಿ. ಕೈಕೆಳಗಿನವರು ಸೇರಿ ಹಣ ಕೊಡುವುದಕ್ಕೆ ರಾಜ್ಯದ ಕಾನೂನು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ, ಆದರೆ ನಿಮ್ಮ ನಗರದ ಸ್ವಂತ ನಿಯಮ ಅಡ್ಡ ಬರಬಹುದು, ಅದೂ ಬಾರದಿದ್ದರೆ ಹಣವನ್ನು ಕೂಡಿಸುವ ರೀತಿಯಲ್ಲಿ ಬಹಳ ಎಚ್ಚರ ಬೇಕಾಗುತ್ತದೆ. ಎಂಜಿನಿಯರ್ ಹಾಕಿರುವ 1,000 ಡಾಲರ್ ಮಾತ್ರ ಪುಟದಿಂದಲೇ, ಉಪನಿರ್ದೇಶಕರ ಕುಟುಂಬದ ಖಾತೆಗೆ ಹೋಗುವ ಮೊದಲೇ, ಅವರಿಗೆ ವಾಪಸಾಗಬೇಕು. ಇದನ್ನು ನಾಳೆಗೆ ಇಡಬೇಡಿ.

ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಮತದಾರರು 1974ರಲ್ಲಿ ಒಪ್ಪಿದ ಪೊಲಿಟಿಕಲ್ ರಿಫಾರ್ಮ್ ಆಕ್ಟ್ ಎಂಬ ಕಾಯ್ದೆ ರಾಜ್ಯದ ನೌಕರರಂತೆಯೇ ನಗರ, ಕೌಂಟಿ ಮತ್ತು ವಿಶೇಷ ಜಿಲ್ಲೆಗಳ ಅಧಿಕಾರಿಗಳಿಗೂ ಅನ್ವಯಿಸುತ್ತದೆ. ಅದನ್ನು ಜಾರಿಗೆ ತರುವ ಸಂಸ್ಥೆ ಫೇರ್ ಪೊಲಿಟಿಕಲ್ ಪ್ರಾಕ್ಟಿಸಸ್ ಕಮಿಷನ್, ಅಂದರೆ ನಿಮ್ಮ ಕಚೇರಿಯಲ್ಲಿ ಎಲ್ಲರೂ ಎಫ್‌ಪಿಪಿಸಿ ಎನ್ನುವ ಆಯೋಗ. ಈ ಕಾಯ್ದೆಯ ಪ್ರಕಾರ, ಸಮಾನ ಮೌಲ್ಯದ ಪ್ರತಿಫಲ ಕೊಡದೆ ಪಡೆದ, ವೈಯಕ್ತಿಕ ಪ್ರಯೋಜನ ತರುವ ಯಾವುದೇ ಪಾವತಿ ಉಡುಗೊರೆಯೇ. ಕೊಟ್ಟವರ ಮನಸ್ಸಿನಲ್ಲಿ ಕರುಣೆಯಿತ್ತೋ ಲೆಕ್ಕಾಚಾರವಿತ್ತೋ ಎಂಬುದನ್ನು ಈ ವ್ಯಾಖ್ಯೆ ಕೇಳುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಬಿಲ್ಲಿಗೆಂದು ಕೊಟ್ಟ ಹಣವೂ ಮೊದಲ ನೋಟಕ್ಕೆ ಉಡುಗೊರೆಯಾಗಿಯೇ ನಿಲ್ಲುತ್ತದೆ, ಆಮೇಲೆ ಅದು ಯಾವುದಾದರೂ ವಿನಾಯಿತಿಯೊಳಗೆ ಬರುತ್ತದೆಯೇ ಎಂದು ನೋಡಬೇಕಾಗುತ್ತದೆ. ಸಂಗಾತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಅತ್ತೆಮಾವ, ಚಿಕ್ಕಪ್ಪ, ಸೋದರತ್ತೆ, ಸೋದರಸಂಬಂಧಿಗಳು ಮೊದಲಾದವರು ಕೊಟ್ಟದ್ದು ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಬೇರೆಯವರ ಹಣವನ್ನು ತಮ್ಮ ಕೈಯಿಂದ ದಾಟಿಸುವ ಕೆಲಸವನ್ನು ಅವರು ಮಾಡುತ್ತಿರಬಾರದು. ಸಹೋದ್ಯೋಗಿಗಳಿಗೆ ಇಂಥ ಸಾರಾಸಗಟು ವಿನಾಯಿತಿ ಇಲ್ಲ.

ಉಡುಗೊರೆ ಎಂದಾದ ಮೇಲೆ ಎರಡು ಅಂಕಿಗಳು ಮುಖ್ಯವಾಗುತ್ತವೆ. ಒಂದು ಮೂಲದಿಂದ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಫಾರ್ಮ್ 700ರಲ್ಲಿ, ಅಂದರೆ ಅಧಿಕಾರಿಗಳು ತಮ್ಮ ಆರ್ಥಿಕ ಹಿತಾಸಕ್ತಿಗಳನ್ನು ತಿಳಿಸುವ ಪತ್ರದಲ್ಲಿ, ಘೋಷಿಸಬೇಕು. ಒಂದೇ ಮೂಲದಿಂದ ವರ್ಷಕ್ಕೆ ಪಡೆಯಬಹುದಾದ ಗರಿಷ್ಠ ಮೊತ್ತ 2025 ಮತ್ತು 2026ಕ್ಕೆ 630 ಡಾಲರ್, ಈ ಮಿತಿಯನ್ನು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಮೇಯರ್, ಕೌನ್ಸಿಲ್ ಸದಸ್ಯರು, ಸಿಟಿ ಮ್ಯಾನೇಜರ್, ಸಿಟಿ ಅಟಾರ್ನಿ, ಪ್ಲ್ಯಾನಿಂಗ್ ಕಮಿಷನರ್ ಮೊದಲಾದವರಿಗೆ ಈ ಎರಡೂ ಅಂಕಿಗಳು ಬಹಳ ವಿಶಾಲವಾಗಿ ಅನ್ವಯಿಸುತ್ತವೆ. ನಿಮ್ಮ ಉಪನಿರ್ದೇಶಕರಂಥವರು ಸಾಮಾನ್ಯವಾಗಿ ನಗರದ ಹಿತಾಸಕ್ತಿ ಸಂಹಿತೆಯಲ್ಲಿ, ಅಂದರೆ ಯಾವ ಹುದ್ದೆಯವರು ಏನನ್ನು ಘೋಷಿಸಬೇಕು ಎಂದು ಹೇಳುವ ನಿಯಮಾವಳಿಯಲ್ಲಿ, ಹೆಸರಿಸಲಾದ ಹುದ್ದೆಯಲ್ಲಿರುತ್ತಾರೆ. ಅಂಥವರು ತಮ್ಮ ಹುದ್ದೆಗೆ ಗೊತ್ತುಪಡಿಸಿದ ವರ್ಗದ ಮೂಲಗಳಿಂದ ಬಂದದ್ದನ್ನು ಮಾತ್ರ ಘೋಷಿಸಬೇಕು, ಗರಿಷ್ಠ ಮಿತಿಯೂ ಅವರಿಗೆ ಆ ಮೂಲಗಳ ಮಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಪ್ಲ್ಯಾನಿಂಗ್ ವಿಭಾಗದ ಹುದ್ದೆಗಳಿಗೆ ಆ ವರ್ಗ ಹೆಚ್ಚಾಗಿ ಭೂಮಿ, ಕಟ್ಟಡ ಮತ್ತು ನಿರ್ಮಾಣದ ವ್ಯವಹಾರದಲ್ಲಿರುವವರು. ನಿಮ್ಮ ಪಕ್ಕದ ಮೇಜಿನ ಸಹೋದ್ಯೋಗಿ ಆ ವರ್ಗದಲ್ಲಿ ಬರುವುದು ಅಪರೂಪ, ನಕ್ಷೆ ತರುವ ಎಂಜಿನಿಯರ್ ಮಾತ್ರ ನೇರವಾಗಿ ಬರುತ್ತಾರೆ. ಸಂಹಿತೆಯ ಪ್ರತಿ ಸಿಟಿ ಕ್ಲರ್ಕ್ ಅವರಲ್ಲಿ ಸಿಗುತ್ತದೆ, ಅದು ಸಾರ್ವಜನಿಕ ದಾಖಲೆ. ಉಪನಿರ್ದೇಶಕರ ಹುದ್ದೆಯ ಎದುರು ಬರೆದಿರುವ ವರ್ಗವನ್ನು ಓದಿದರೆ ಈ ಪ್ರಶ್ನೆಯ ಅರ್ಧ ಭಾಗ ಅಲ್ಲೇ ತಿಳಿಯಾಗುತ್ತದೆ.

ಈಗ ವೈದ್ಯಕೀಯ ಖರ್ಚಿಗೆ ನೇರವಾಗಿ ಸಂಬಂಧಿಸಿದ ವಿನಾಯಿತಿಗೆ ಬರುತ್ತೇನೆ. ಆಯೋಗದ 18942ನೇ ನಿಯಮದಲ್ಲಿ ಮಾನವೀಯ ಅನುಕಂಪದಿಂದ ಮಾಡಿದ ನೆರವು ಎಂಬ ಒಂದು ಬಗೆಯನ್ನು ಉಡುಗೊರೆಯಿಂದ ಹೊರಗಿಟ್ಟಿದ್ದಾರೆ. ಅಪಘಾತ, ಕಾಯಿಲೆ, ಉದ್ಯೋಗ ನಷ್ಟ, ಮನೆಯಲ್ಲಿ ಸಾವು ಅಥವಾ ಬೇರೆ ಅನಿರೀಕ್ಷಿತ ಆಪತ್ತಿನಿಂದಾಗಿ, ಖಾಸಗಿ ನೆರವಿಲ್ಲದೆ ಭರಿಸಲಾಗದ ಸ್ಥಿತಿಗೆ ಬಂದ ಕುಟುಂಬದ ವೈದ್ಯಕೀಯ ಅಥವಾ ಜೀವನ ವೆಚ್ಚಕ್ಕೆ ಕೊಟ್ಟ ಹಣ ಇದರೊಳಗೆ ಬರುತ್ತದೆ. ಕೊಟ್ಟ ವ್ಯಕ್ತಿಗೂ ಅಧಿಕಾರಿಗೂ ಇಂಥ ನೆರವು ಸಹಜವೆನಿಸುವಷ್ಟು ಸಾಮಾಜಿಕ ಒಡನಾಟ ಮೊದಲಿನಿಂದ ಇರಬೇಕು, ಇಲ್ಲವೇ ಹುದ್ದೆಯನ್ನು ಲೆಕ್ಕಿಸದೆ, ಕಷ್ಟದಲ್ಲಿರುವ ಯಾರಿಗಾದರೂ ಸಮುದಾಯ ನೆರವಾಗುವ ರೀತಿಯಲ್ಲಿ ಆ ಹಣ ಬಂದಿರಬೇಕು. ಇಷ್ಟಾದ ಮೇಲೂ ಒಂದು ಬಾಗಿಲನ್ನು ಮುಚ್ಚಿಯೇ ಇಟ್ಟಿದ್ದಾರೆ: ಆ ಅಧಿಕಾರಿಯೊಂದಿಗೆ ಕಚೇರಿಯ ವ್ಯವಹಾರ ಇರುವ ವ್ಯಕ್ತಿ ಕೊಟ್ಟ ಹಣಕ್ಕೆ ಈ ವಿನಾಯಿತಿ ಸಿಗುವುದಿಲ್ಲ.

ಈ ನಿಯಮ ಬರೆದವರು ಕಷ್ಟದಲ್ಲಿರುವ ನೌಕರನನ್ನು ಒಂಟಿಯಾಗಿ ಬಿಡಲು ಒಪ್ಪಿಲ್ಲ, ಅದನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಅದರ ಒಂದೊಂದು ಮಾತಿಗೂ ತೂಕವಿದೆ. ‘ಖಾಸಗಿ ನೆರವಿಲ್ಲದೆ ಭರಿಸಲಾಗದ’ ಎಂಬುದನ್ನೇ ತೆಗೆದುಕೊಳ್ಳಿ. ನಗರಾಡಳಿತದ ನೌಕರರಿಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ಇರುತ್ತದೆ, ಮತ್ತು 2026ರಲ್ಲಿ ವಿಮೆಯ ಜಾಲದೊಳಗಿನ ಚಿಕಿತ್ಸೆಗೆ ಒಬ್ಬ ವ್ಯಕ್ತಿ ಕೈಯಿಂದ ಕೊಡಬೇಕಾದ ಮೊತ್ತಕ್ಕೆ ಫೆಡರಲ್ ಕಾನೂನು ಹಾಕಿರುವ ಮೇಲ್ಮಿತಿ 10,600 ಡಾಲರ್. ಹಾಗೆಂದು ಅವರ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ನಿಂತುಹೋದ ಸಂಬಳ, ಮನೆಯ ಕಂತು, ದೂರದ ಆಸ್ಪತ್ರೆಗೆ ಓಡಾಟ, ಅಸ್ಥಿಮಜ್ಜೆ ಕಸಿಯ ನಂತರ ಆಸ್ಪತ್ರೆಯ ಹತ್ತಿರವೇ ವಾರಗಟ್ಟಲೆ ಉಳಿಯಬೇಕಾದ ಖರ್ಚು, ಇವೆಲ್ಲ ವಿಮೆಯ ಲೆಕ್ಕದ ಹೊರಗೆ ಉಳಿಯಬಹುದು. ನಿಯಮ ಜೀವನ ವೆಚ್ಚವನ್ನೂ ಒಪ್ಪಿರುವುದರಿಂದ ಇವನ್ನೂ ಸೇರಿಸಿಕೊಳ್ಳಬಹುದು. ಪುಟದಲ್ಲಿ ಬರೆದಿರುವ ಗುರಿಮೊತ್ತ ಇಂಥ ನಿಜವಾದ ಖರ್ಚುಗಳನ್ನು ಕೂಡಿಸಿ ಬಂದದ್ದಾಗಿರಬೇಕು. ಯಾರೋ ಅಂದಾಜಿನಲ್ಲಿ ಒಂದು ಲಕ್ಷ ಡಾಲರ್ ಎಂದು ಬರೆದು, ಖರ್ಚು ಅದರ ಕಾಲು ಭಾಗವಾದರೆ, ಉಳಿದ ಹಣಕ್ಕೆ ಈ ವಿನಾಯಿತಿಯ ಆಸರೆ ಇರುವುದಿಲ್ಲ. ಬಿಲ್ಲುಗಳನ್ನೂ ವಿಮಾ ಕಂಪನಿಯಿಂದ ಬಂದ ವಿವರಣಾ ಪತ್ರಗಳನ್ನೂ ಒಂದು ಕಡೆ ತೆಗೆದಿಡಲು ಅವರ ಮನೆಯವರಿಗೆ ಹೇಳಿ.

‘ಮೊದಲಿನಿಂದ ಇರುವ ಸಾಮಾಜಿಕ ಒಡನಾಟ’ ಎಂಬ ಮಾತೂ ಹೀಗೆಯೇ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವುದಷ್ಟೇ ಇದಕ್ಕೆ ಸಾಲದು. ಪರಸ್ಪರರ ಮನೆಗೆ ಹೋಗಿಬರುವವರು, ಮಕ್ಕಳನ್ನು ಒಟ್ಟಿಗೆ ಆಟಕ್ಕೆ ಕರೆದೊಯ್ಯುವವರು, ವರ್ಷಗಳ ಸ್ನೇಹ ಇರುವವರು ನಿಮ್ಮ ವಿಭಾಗದಲ್ಲಿ ಕೆಲವರಿರಬಹುದು, ಅವರು ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬಹುದು. ಕಳೆದ ತಿಂಗಳು ಕೆಲಸಕ್ಕೆ ಸೇರಿದ ಸಹಾಯಕ ಪ್ಲ್ಯಾನರ್ ನೆಚ್ಚಿಕೊಳ್ಳಲಾರರು. ಆದ್ದರಿಂದ ಇಡೀ ವಿಭಾಗದ ಚಂದಾವನ್ನು ಈ ಒಂದು ವಿನಾಯಿತಿಯ ಮೇಲೆ ನಿಲ್ಲಿಸಬೇಡಿ. ಅದಕ್ಕಿಂತ ಗಟ್ಟಿಯಾದ ನೆಲೆ ಸಣ್ಣ ಮೊತ್ತದ್ದು. ಹಲವರು ಸೇರಿ ಒಟ್ಟಾಗಿ ಕೊಟ್ಟಾಗ, 50 ಡಾಲರ್‌ಗಿಂತ ಕಡಿಮೆ ಕೊಟ್ಟವರ ಪಾಲನ್ನು ಪಡೆದವರು ಘೋಷಿಸಬೇಕಾಗಿಲ್ಲ, ಆದರೆ ಅದೇ ವ್ಯಕ್ತಿ ಆ ವರ್ಷದಲ್ಲಿ ಬೇರೇನೂ ಕೊಟ್ಟಿರಬಾರದು.

ಇಲ್ಲಿಗೆ ರಾಜ್ಯದ ಕಾನೂನಿನ ಲೆಕ್ಕ ಮುಗಿಯಿತು. ಆದರೆ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಈ ಲೆಕ್ಕವಲ್ಲ, ಕೈಕೆಳಗಿನವರು ಮೇಲಿನವರಿಗೆ ಕೊಡುತ್ತಿದ್ದೀರಿ ಎಂಬುದು. ರಾಜ್ಯದ ಕಾಯ್ದೆ ಹೊರಗಿನ ಪ್ರಭಾವದ ಮೇಲೆ ಕಣ್ಣಿಟ್ಟಿದೆ, ಕಚೇರಿಯೊಳಗಿನ ಮೇಲುಕೆಳಗಿನ ಬಗ್ಗೆ ಅದು ಹೆಚ್ಚು ಮಾತಾಡುವುದಿಲ್ಲ. ಆ ಕೆಲಸವನ್ನು ನಗರಗಳು ತಮ್ಮ ಚಾರ್ಟರ್ ಎಂಬ ಮೂಲ ಕಾನೂನಿನಲ್ಲಿ ಅಥವಾ ಸ್ವಂತ ಸಂಹಿತೆಯಲ್ಲಿ ಮಾಡಿಕೊಂಡಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಂಹಿತೆಯಂತೂ ಅಧಿಕಾರಿ ತನ್ನ ಕೈಕೆಳಗಿನ ನೌಕರರಿಂದ ಉಡುಗೊರೆ ಕೇಳುವುದನ್ನೂ ಸ್ವೀಕರಿಸುವುದನ್ನೂ ನಿಷೇಧಿಸಿದೆ. ಫೆಡರಲ್ ಸರ್ಕಾರದ ನೌಕರರಿಗೂ ಇಂಥದೇ ನಿಷೇಧ ಇದೆ, ಆದರೆ ಅಲ್ಲಿ ಮದುವೆ, ಹೆರಿಗೆ, ಕಾಯಿಲೆ, ಸಾವಿನಂಥ ಅಪರೂಪದ ಸಂದರ್ಭಗಳನ್ನು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಆಗಲೂ ಚಂದಾ ಕೇಳುವವರು ನಾಮಮಾತ್ರದ ಮೊತ್ತವನ್ನಷ್ಟೇ ಕೇಳಬೇಕು, ಕಡಿಮೆ ಕೊಡಬಹುದು ಅಥವಾ ಏನೂ ಕೊಡದಿರಬಹುದು ಎಂಬ ಸ್ವಾತಂತ್ರ್ಯ ಕೊಡುವವರಿಗೆ ಇರಬೇಕು. ಫೆಡರಲ್ ನಿಯಮ ನಿಮ್ಮ ನಗರಕ್ಕೆ ಅನ್ವಯಿಸುವುದಿಲ್ಲ, ಆದರೆ ಮಾದರಿಯಾಗಿ ಅದು ಚೆನ್ನಾಗಿದೆ. ನಿಮ್ಮ ನಗರದ ಸಂಹಿತೆಯಲ್ಲಿ, ಸಿಬ್ಬಂದಿ ನಿಯಮಗಳಲ್ಲಿ ಮತ್ತು ಯೂನಿಯನ್ ಒಪ್ಪಂದದಲ್ಲಿ ಕೈಕೆಳಗಿನವರ ಉಡುಗೊರೆಯ ಬಗ್ಗೆ ಏನಿದೆ ಎಂದು ಹಣ ಕೂಡಿಸುವ ಮೊದಲು ನೋಡಿ. ಅಲ್ಲಿ ನಿಷೇಧವಿದ್ದರೆ ನಾನು ಮುಂದೆ ಹೇಳುವ ಹಣದ ಮಾತುಗಳನ್ನೆಲ್ಲ ಬಿಟ್ಟು ನೇರವಾಗಿ ರಜೆಯ ಭಾಗಕ್ಕೆ ಹೋಗಿ.

ನಿಷೇಧ ಇಲ್ಲದಿದ್ದರೂ ಒತ್ತಡ ಇದ್ದೇ ಇರುತ್ತದೆ. ಕಚೇರಿಗಳಲ್ಲಿ ಚಂದಾ ಎತ್ತುವ ಬಗೆಯನ್ನು ನೀವೂ ನೋಡಿರುತ್ತೀರಿ: ಒಂದು ದೊಡ್ಡ ಲಕೋಟೆ ಮೇಜಿನಿಂದ ಮೇಜಿಗೆ ಹೋಗುತ್ತದೆ, ಅದರ ಜೊತೆ ಹೆಸರು ಮತ್ತು ಮೊತ್ತ ಬರೆಯುವ ಹಾಳೆಯೂ ಹೋಗುತ್ತದೆ. ಮೊದಲ ಸಾಲಿನಲ್ಲಿ ಹಿರಿಯರೊಬ್ಬರು 200 ಎಂದು ಬರೆದಿರುತ್ತಾರೆ. ಎಂಟನೆಯವರ ಕೈಗೆ ಬರುವ ಹೊತ್ತಿಗೆ ಆ ಹಾಳೆ ಒಂದು ಹಾಜರಿ ಪುಸ್ತಕದಂತಾಗಿರುತ್ತದೆ. ಪ್ರೊಬೇಶನ್ ಇನ್ನೂ ಮುಗಿಯದ ನೌಕರರು ತಮ್ಮ ಬಾಡಿಗೆಯ ಹಣದಿಂದಲೇ ಅಷ್ಟನ್ನು ಕೊಟ್ಟುಬಿಡುತ್ತಾರೆ, ಏಕೆಂದರೆ ಕಾಯಿಲೆಯಿಂದ ಗುಣವಾಗಿ ಬಂದ ಮೇಲೆ ಅವರ ಕೆಲಸದ ಮೌಲ್ಯಮಾಪನಕ್ಕೆ ಸಹಿ ಹಾಕುವವರು ಅದೇ ಉಪನಿರ್ದೇಶಕರು. ಇಲ್ಲಿ ಯಾರೂ ಯಾರನ್ನೂ ಬಲವಂತ ಮಾಡಿಲ್ಲ, ಆದರೂ ಕೊಡುವುದು ಐಚ್ಛಿಕವಾಗಿ ಉಳಿದಿಲ್ಲ.

ಹಾಗಾಗಿ ನನ್ನ ಸಲಹೆ ಹೀಗಿದೆ. ಹಣವನ್ನು ಪಡೆಯುವವರು ಉಪನಿರ್ದೇಶಕರ ಅಧಿಕಾರ ಸರಪಳಿಯ ಹೊರಗಿನ ಒಬ್ಬರಾಗಿರಲಿ. ಯೂನಿಯನ್ ಪ್ರತಿನಿಧಿ ಅಥವಾ ಬೇರೆ ವಿಭಾಗದ, ಅವರಿಗೆ ಅಧೀನರಲ್ಲದ ನೌಕರರೊಬ್ಬರು ಆಗಬಹುದು. ಯಾವ ಮೇಲ್ವಿಚಾರಕರೂ ತಮ್ಮ ಕೈಕೆಳಗಿನವರ ಬಳಿ ಹೋಗಿ ಕೇಳಬಾರದು. ಒಬ್ಬೊಬ್ಬರ ಪಾಲಿಗೆ 50 ಡಾಲರ್‌ಗಿಂತ ಕೆಳಗಿನ ಒಂದು ಮಿತಿ ಇರಲಿ, ಉದಾಹರಣೆಗೆ 40 ಡಾಲರ್. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಹಣ ಪಡೆದವರ ಬಳಿ ಮಾತ್ರ ಇರಲಿ, ಅದು ಉಪನಿರ್ದೇಶಕರಿಗೂ ಅವರ ಮನೆಯವರಿಗೂ ತಲುಪದಿರಲಿ. ಈ ಮಿತಿಗೆ ಒಂದು ಒಳ ಕಾರಣವಿದೆ, ಅದನ್ನು ಬಿಡಿಸಿ ಹೇಳಬೇಕು. ಘೋಷಣೆಯ ನಿಯಮಕ್ಕೆ ಕೊಟ್ಟವರ ಹೆಸರು ಬೇಕು, ಒತ್ತಡ ತಪ್ಪಿಸಬೇಕಾದರೆ ಹೆಸರು ಮರೆಯಲ್ಲಿರಬೇಕು. ದೊಡ್ಡ ಮೊತ್ತಗಳು ಬಂದರೆ ಈ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಪ್ರತಿಯೊಬ್ಬರ ಪಾಲೂ ಘೋಷಣೆಯ ಮಟ್ಟಕ್ಕಿಂತ ಕೆಳಗೆ ಉಳಿದರೆ, ಪಡೆದವರಿಗೆ ಹೆಸರು ತಿಳಿಯುವ ಅಗತ್ಯವೇ ಇರುವುದಿಲ್ಲ, ಪಟ್ಟಿ ಮೂರನೆಯವರ ಬಳಿ ಭದ್ರವಾಗಿರುವುದರಿಂದ ಮುಂದೆ ಯಾರಾದರೂ ಪ್ರಶ್ನಿಸಿದರೆ ತೋರಿಸಲು ದಾಖಲೆಯೂ ಇರುತ್ತದೆ. ಗೋಫಂಡ್‌ಮಿ ಪುಟದ ಕಷ್ಟವೂ ಇಲ್ಲೇ ಇದೆ: ದಾನಿ ತನ್ನ ಹೆಸರನ್ನು ಸಾರ್ವಜನಿಕರಿಂದ ಮರೆಮಾಡಿಕೊಂಡರೂ ಪುಟ ನಡೆಸುವವರಿಗೆ ಅದು ಕಾಣುತ್ತದೆ. ಆದ್ದರಿಂದ ವಿಭಾಗದ ನೌಕರರು ಆ ಪುಟದ ಮೂಲಕ ಕೊಡದಿರುವುದೇ ಒಳ್ಳೆಯದು. ಪುಟ ಅವರ ಬಂಧುಗಳಿಗೆ, ನೆರೆಹೊರೆಯವರಿಗೆ, ಅವರ ದೇವಸ್ಥಾನ ಅಥವಾ ಚರ್ಚಿನ ಬಳಗಕ್ಕೆ ಇರಲಿ, ಅದನ್ನು ನಡೆಸುವ ಹೊಣೆಯನ್ನು ನಿಮ್ಮ ಸಹೋದ್ಯೋಗಿಯಿಂದ ಅವರ ಬಂಧುವೊಬ್ಬರು ವಹಿಸಿಕೊಳ್ಳಲಿ. ಪುಟದ ಬರಹದಲ್ಲಿ ಅವರ ಹುದ್ದೆಯನ್ನೂ ನಗರದ ಹೆಸರನ್ನೂ ತೆಗೆದುಹಾಕಿ. ‘ನಮ್ಮ ಪ್ಲ್ಯಾನಿಂಗ್ ಉಪನಿರ್ದೇಶಕರಿಗೆ ನೆರವಾಗಿ’ ಎಂದು ಬರೆದ ಮೇಲೆ, ಹುದ್ದೆಯನ್ನು ಲೆಕ್ಕಿಸದೆ ಬಂದ ಹಣ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಮೇಲಿನವರು ಕೆಳಗಿನವರಿಗೆ ಕೊಡುವಾಗ ಈ ತೊಡಕು ಬಹುಮಟ್ಟಿಗೆ ಇರುವುದಿಲ್ಲ. ಸಮಾನ ಹುದ್ದೆಯವರ ನಡುವೆಯೂ ಹಾಗೆಯೇ.

ಎಂಜಿನಿಯರ್ ವಿಷಯ ಬೇರೆಯೇ. ಅವರ ಹಣ ಹಿಂದಕ್ಕೆ ಹೋಗಬೇಕು ಎಂದು ಹೇಳಿದ್ದು ಅವರ ಒಳ್ಳೆಯತನದ ಮೇಲೆ ಅನುಮಾನವಿಟ್ಟಲ್ಲ. ಅವರಿಗೆ ಉಪನಿರ್ದೇಶಕರ ಮೇಲೆ ನಿಜವಾದ ಪ್ರೀತಿ ಇರಬಹುದು. ಆದರೆ ಅವರ ನಕ್ಷೆಗಳು ಅದೇ ವಿಭಾಗದ ಮುಂದಿವೆ, ಹಾಗಾಗಿ ಅನುಕಂಪದ ವಿನಾಯಿತಿ ಅವರಿಗೆ ಸಿಗುವುದಿಲ್ಲ. ವಿನಾಯಿತಿ ಇಲ್ಲವೆಂದ ಮೇಲೆ ಅದು ಸಾಮಾನ್ಯ ಉಡುಗೊರೆ, ಮತ್ತು 1,000 ಡಾಲರ್ 630ರ ಮಿತಿಯನ್ನು ದಾಟಿದೆ. ಮಿತಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ಉಡುಗೊರೆ ಕೊಟ್ಟವರು ಹನ್ನೆರಡು ತಿಂಗಳ ಕಾಲ ಅಧಿಕಾರಿಯ ಆರ್ಥಿಕ ಹಿತಾಸಕ್ತಿಯ ಮೂಲವೆನಿಸುತ್ತಾರೆ, ಅವರ ಕಡತದಲ್ಲಿ ನಿರ್ಧಾರ ಕೈಗೊಳ್ಳುವುದರಿಂದಲೂ ಅದರ ಮೇಲೆ ಪ್ರಭಾವ ಬೀರುವುದರಿಂದಲೂ ಅಧಿಕಾರಿ ದೂರ ನಿಲ್ಲಬೇಕಾಗುತ್ತದೆ. ಕಾಯಿಲೆಯಿಂದ ಎದ್ದುಬಂದ ಮನುಷ್ಯ ಕೆಲಸಕ್ಕೆ ಮರಳಿದ ದಿನವೇ ತನ್ನ ಮೇಜಿನ ಮೇಲಿನ ಕಡತಗಳಿಂದ ಕೈ ತೆಗೆಯಬೇಕಾದ ಸ್ಥಿತಿ ಬರಬಾರದು. ಕಾಯ್ದೆಯ ಉಲ್ಲಂಘನೆಗೆ ಆಯೋಗ ಒಂದೊಂದಕ್ಕೂ 5,000 ಡಾಲರ್‌ವರೆಗೆ ದಂಡ ಹಾಕಬಹುದು, ಆ ದಂಡ ಬೀಳುವುದು ಕೊಟ್ಟವರ ಮೇಲಷ್ಟೇ ಅಲ್ಲ, ಹಾಸಿಗೆ ಹಿಡಿದಿರುವ ನಿಮ್ಮ ಅಧಿಕಾರಿಯ ಮೇಲೂ.

ಪುಟ ಪತ್ನಿಯ ಹೆಸರಿನಲ್ಲಿದೆ ಎಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಕೊಟ್ಟವರಿಗೂ ಆ ಕುಟುಂಬ ಸದಸ್ಯರಿಗೂ ಸ್ವತಂತ್ರವಾದ ಪರಿಚಯ ಇಲ್ಲದಿದ್ದಾಗ, ಅದರಲ್ಲೂ ಕೊಟ್ಟವರ ಕೆಲಸ ಅಧಿಕಾರಿಯ ಕಚೇರಿಯಲ್ಲಿ ಇದ್ದಾಗ, ಕುಟುಂಬಕ್ಕೆ ಕೊಟ್ಟದ್ದನ್ನು ಅಧಿಕಾರಿಗೇ ಕೊಟ್ಟಂತೆ ಎಣಿಸಲು ನಿಯಮದಲ್ಲಿ ಅವಕಾಶವಿದೆ. ಒಂದು ಅನುಕೂಲವೂ ಇದೆ: ಅಧಿಕಾರಿಯ ಕೈಗೆ ಬಂದಾಗ ಅಥವಾ ಅವರು ಅದರ ಮೇಲೆ ಹಿಡಿತ ಸಾಧಿಸಿದಾಗ ಮಾತ್ರ ಉಡುಗೊರೆ ಸ್ವೀಕೃತವಾಗುತ್ತದೆ. ಹಣ ಪುಟದಲ್ಲೇ ಇರುವಾಗ ಪುಟ ನಡೆಸುವವರು ಅದನ್ನು ದಾನಿಗೆ ಮರಳಿಸಿದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ. ಒಂದು ವೇಳೆ ಖಾತೆಗೆ ಬಂದುಬಿಟ್ಟಿದ್ದರೂ, ಬಳಸದೆ 30 ದಿನಗಳೊಳಗೆ ಮರಳಿಸಿದರೆ ಅದು ಉಡುಗೊರೆಯ ಲೆಕ್ಕದಿಂದ ಹೊರಬರುತ್ತದೆ. ಮರಳಿಸಿದ್ದಕ್ಕೆ ದಿನಾಂಕವಿರುವ ರಸೀದಿಯನ್ನು ಇಟ್ಟುಕೊಳ್ಳಿ. ಎಂಜಿನಿಯರ್ ಅವರಿಗೆ ಒಂದು ಚಿಕ್ಕ ಪತ್ರ ಬರೆಯುವುದೂ ಒಳ್ಳೆಯದು. ಅದು ಹೀಗಿರಬಹುದು: ‘ನಿಮ್ಮ ಕಾಳಜಿಗೆ ನಾವು ಆಭಾರಿಗಳು. ನಿಮ್ಮ ಕಡತಗಳು ಈ ವಿಭಾಗದಲ್ಲಿ ಇರುವುದರಿಂದ ಈ ಹಣವನ್ನು ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ, ಆದ್ದರಿಂದ ಮರಳಿಸುತ್ತಿದ್ದೇವೆ.’ ಅವರು ಸಾಲವಾಗಿ ಕೊಡುತ್ತೇನೆ ಎಂದರೆ ಅದನ್ನೂ ಒಪ್ಪಬೇಡಿ, ಏಕೆಂದರೆ ತೀರಿಸದೆ ಉಳಿದ ವೈಯಕ್ತಿಕ ಸಾಲ ಕಾಲಕ್ರಮದಲ್ಲಿ ಉಡುಗೊರೆಯಾಗಿ ಮಾರ್ಪಡುವಂತೆ ಕಾಯ್ದೆಯಲ್ಲೇ ಬರೆದಿದ್ದಾರೆ.

ಕಚೇರಿಯ ಇ-ಮೇಲ್ ಬಗ್ಗೆ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ ಗವರ್ನ್‌ಮೆಂಟ್ ಕೋಡ್‌ನ 8314ನೇ ಕಲಂ ಸಾರ್ವಜನಿಕ ಸಂಪನ್ಮೂಲಗಳನ್ನು ವೈಯಕ್ತಿಕ ಉದ್ದೇಶಕ್ಕೆ ಬಳಸುವುದನ್ನು ನಿಷೇಧಿಸುತ್ತದೆ, ಆಕಸ್ಮಿಕವಾದ ಅತ್ಯಲ್ಪ ಬಳಕೆಯನ್ನು ಮಾತ್ರ ಬಿಟ್ಟಿದೆ. ಸಹೋದ್ಯೋಗಿ ಆಸ್ಪತ್ರೆಯಲ್ಲಿದ್ದಾರೆ ಎಂದು ಒಂದು ಸಾಲು ಬರೆದದ್ದಕ್ಕೆ ಯಾರೂ ಆಕ್ಷೇಪಿಸಲಾರರು. ಪದೇ ಪದೇ ಚಂದಾ ಕೇಳುವುದು, ಬಂದ ಮೊತ್ತದ ವಾರದ ವರದಿ, ಕೆಲಸದ ಹೊತ್ತಿನಲ್ಲಿ ಅದರ ಲೆಕ್ಕ ಬರೆಯುವುದು, ಇವಾವುವೂ ಅತ್ಯಲ್ಪ ಎನಿಸುವುದಿಲ್ಲ. ವೈಯಕ್ತಿಕ ಇ-ಮೇಲ್ ಅಥವಾ ಯೂನಿಯನ್ನಿನ ಪಟ್ಟಿಯನ್ನು ಬಳಸಿ. ಯಾವ ಸಂದೇಶವಾದರೂ ಹೊರಡುವ ಮೊದಲು ಉಪನಿರ್ದೇಶಕರ ಅಥವಾ ಅವರ ಪತ್ನಿಯ ಒಪ್ಪಿಗೆ ಪಡೆಯಿರಿ. ಯಾವ ಕಾಯಿಲೆ, ಎಷ್ಟನೆಯ ಹಂತ, ಯಾವ ಔಷಧಿ ಎಂಬುದು ಅವರ ಸ್ವಂತ ವಿಷಯ. ಮಾನವ ಸಂಪನ್ಮೂಲ ವಿಭಾಗಕ್ಕೆ ಅದು ಗೊತ್ತಿದ್ದರೂ ನಿಮಗೆ ಹೇಳುವಂತಿಲ್ಲ, ವೈದ್ಯಕೀಯ ಮಾಹಿತಿಯ ಗೋಪ್ಯತೆಯ ಬಗ್ಗೆ ರಾಜ್ಯದಲ್ಲಿ ಕಟ್ಟುನಿಟ್ಟಾದ ಕಾನೂನಿದೆ. ಲಾಟರಿ ಚೀಟಿ ಮಾರಿ ಹಣ ಎತ್ತೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಕ್ಯಾಲಿಫೋರ್ನಿಯಾದಲ್ಲಿ ಅಂಥ ರಾಫಲ್ ನಡೆಸಲು ಅರ್ಹ ಲಾಭರಹಿತ ಸಂಸ್ಥೆಗಳಿಗೆ ಮಾತ್ರ, ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಿಕೊಂಡ ಮೇಲೆ, ಅವಕಾಶವಿದೆ.

ಇನ್ನು ರಜೆ. ನೀವು ಕೇಳಿದ್ದು ನಿಜ, ಮತ್ತು ಈ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆಯ ನೆರವು ನನಗೆ ತೋರುವುದಿಲ್ಲ. ಅದೇ 18942ನೇ ನಿಯಮ, ಉದ್ಯೋಗದಾತರು ನಿಜವಾಗಿ ಸ್ಥಾಪಿಸಿದ, ಅದೇ ವರ್ಗದ ಎಲ್ಲ ನೌಕರರಿಗೂ ದೊರೆಯುವ ಆಪತ್ಕಾಲದ ರಜಾ ಯೋಜನೆಯಡಿ ಕೊಟ್ಟ ವಾರ್ಷಿಕ ರಜೆ, ಅನಾರೋಗ್ಯ ರಜೆ ಅಥವಾ ಹೆಚ್ಚುವರಿ ಕೆಲಸಕ್ಕೆ ಬದಲಾಗಿ ಸಿಗುವ ಪರಿಹಾರ ರಜೆಯನ್ನು ಉಡುಗೊರೆಯಿಂದ ಪೂರ್ತಿಯಾಗಿ ಹೊರಗಿಟ್ಟಿದೆ. ಇಲ್ಲಿ ಘೋಷಣೆಯೂ ಇಲ್ಲ, 630ರ ಮಿತಿಯೂ ಇಲ್ಲ. ಆದರೆ ನಗದು ಕೊಡುವುದು ಈ ವಿನಾಯಿತಿಯಲ್ಲಿ ಸೇರುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳಿದೆ. ಹೆಚ್ಚಿನ ನಗರಗಳಲ್ಲಿ ಈ ಯೋಜನೆ ಕ್ಯಾಟಸ್ಟ್ರಾಫಿಕ್ ಲೀವ್ ಎಂಬ ಹೆಸರಿನಲ್ಲಿ ಯೂನಿಯನ್ ಒಪ್ಪಂದದಲ್ಲಿ ಅಥವಾ ಸಿಬ್ಬಂದಿ ನಿಯಮಗಳಲ್ಲಿ ಇರುತ್ತದೆ. ಸಾಮಾನ್ಯವಾಗಿ ಪಡೆಯುವವರ ಸ್ವಂತ ರಜೆ ಮುಗಿದಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಮತ್ತು ಕೊಡುವವರು ತಮಗಾಗಿ ಇಂತಿಷ್ಟು ರಜೆ ಉಳಿಸಿಕೊಂಡಿರಬೇಕು. ನಿಮ್ಮ ಅಧಿಕಾರಿಯ ರಜೆ ಮುಗಿದಿರುವುದರಿಂದ ಅವರು ಈಗಲೇ ಅರ್ಜಿ ಹಾಕಬಹುದು. ಅವರಿಗೆ ಶಕ್ತಿ ಇಲ್ಲದಿದ್ದರೆ ಮನೆಯವರು ಹಾಕಲು ಅವಕಾಶ ಇದೆಯೇ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿ.

ಈ ದಾರಿಯಲ್ಲಿ ಕೊಟ್ಟವರ ಹೆಸರು ಆ ವಿಭಾಗದಲ್ಲೇ ಉಳಿಯುವಂತೆ ಮಾಡುವುದು ಸುಲಭ, ಹಾಗಾಗಿ ಮೇಲೆ ಹೇಳಿದ ಒತ್ತಡದ ತೊಡಕೂ ಬಹಳಷ್ಟು ಸಡಿಲವಾಗುತ್ತದೆ. ನೀವು ಕೊಟ್ಟ ಗಂಟೆಗಳು ಅವರ ಸಂಬಳವಾಗಿ ಮಾರ್ಪಡುತ್ತವೆ, ಎಷ್ಟೋ ಕಡೆ ಅದರಿಂದ ಅವರ ವಿಮೆಯ ಕಂತೂ ನಿಲ್ಲದೆ ಸಾಗುತ್ತದೆ. ತೆರಿಗೆಯ ಮಟ್ಟಿಗೆ, ವೈದ್ಯಕೀಯ ತುರ್ತಿಗಾಗಿ ಇರುವ ಇಂಥ ಯೋಜನೆಗಳಲ್ಲಿ ಆ ಮೊತ್ತ ಪಡೆದವರ ವೇತನವಾಗುತ್ತದೆ. ಕೊಟ್ಟವರಿಗೆ ಅದು ಆದಾಯವೂ ಅಲ್ಲ, ಕಡಿತವೂ ಸಿಗುವುದಿಲ್ಲ ಎಂದು ಫೆಡರಲ್ ತೆರಿಗೆ ಇಲಾಖೆ 1990ರಲ್ಲೇ ತೀರ್ಮಾನಿಸಿದೆ. ಇಲ್ಲಿ ಒಂದು ಮಾತನ್ನು ನಿಮ್ಮ ಹಿರಿಯ ಸಹೋದ್ಯೋಗಿಗಳಿಗೆ ತಪ್ಪದೆ ತಿಳಿಸಿ. ನಿಮ್ಮ ನಗರ ಕ್ಯಾಲ್‌ಪರ್ಸ್ ಎಂಬ ರಾಜ್ಯದ ಸಾರ್ವಜನಿಕ ನೌಕರರ ಪಿಂಚಣಿ ವ್ಯವಸ್ಥೆಯಲ್ಲಿದ್ದು, ಬಳಸದ ಅನಾರೋಗ್ಯ ರಜೆಯನ್ನು ಸೇವಾವಧಿಗೆ ಸೇರಿಸುವ ಒಪ್ಪಂದ ಮಾಡಿಕೊಂಡಿದ್ದರೆ, ನಿವೃತ್ತಿಯ ಹೊತ್ತಿಗೆ ಉಳಿದ ಒಂದೊಂದು ದಿನಕ್ಕೂ 0.004 ವರ್ಷದ ಸೇವೆ ಸೇರುತ್ತದೆ. ಅಂದರೆ 250 ದಿನಕ್ಕೆ ಒಂದು ವರ್ಷ. ನಿವೃತ್ತಿಗೆ ಹತ್ತಿರವಿರುವವರು ಅನಾರೋಗ್ಯ ರಜೆಯನ್ನು ಕೊಟ್ಟರೆ ಆ ಸೇವೆಯನ್ನು ಕಳೆದುಕೊಳ್ಳುತ್ತಾರೆ, ಅವರು ವಾರ್ಷಿಕ ರಜೆಯಿಂದ ಕೊಡುವುದು ಮೇಲು.

ನಗರದಲ್ಲಿ ಇಂಥ ಯೋಜನೆಯೇ ಇಲ್ಲದಿದ್ದರೆ, ಒಬ್ಬರಿಗಾಗಿ ರಾತ್ರೋರಾತ್ರಿ ಮಾಡಿಕೊಂಡ ಏರ್ಪಾಟು ಈ ವಿನಾಯಿತಿಗೆ ತಕ್ಕುದಾಗುವುದಿಲ್ಲ, ಅದು ಎಲ್ಲರಿಗೂ ತೆರೆದಿರಬೇಕು. ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ದಾನವಾಗಿ ಕೊಡುವುದನ್ನು ರಾಜ್ಯದ ಸಂವಿಧಾನ ನಿಷೇಧಿಸಿರುವುದರಿಂದ ನಗರವೇ ನೇರವಾಗಿ ಅವರ ಬಿಲ್ಲು ಕಟ್ಟುವಂತೆಯೂ ಇಲ್ಲ. ಆದರೆ ಯೂನಿಯನ್ ಮುಂದಾದರೆ ಎಲ್ಲರಿಗೂ ಅನ್ವಯಿಸುವ ಯೋಜನೆಯನ್ನು ಪೂರಕ ಒಪ್ಪಂದವಾಗಿ ತರಲು ಅಡ್ಡಿಯಿಲ್ಲ, ನಿಮ್ಮ ವಿಭಾಗದ ಶ್ರಮ ಚಂದಾಕ್ಕಿಂತ ಅದಕ್ಕೆ ಹೋದರೆ ಮುಂದಿನ ರೋಗಿಗೂ ಅದು ಸಿಗುತ್ತದೆ.

ನಗದಿನ ತೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಹೋದ್ಯೋಗಿಗಳು ತಮ್ಮ ಸ್ವಂತ ಹಣದಿಂದ, ಏನನ್ನೂ ನಿರೀಕ್ಷಿಸದೆ ಕೊಟ್ಟದ್ದು ಪಡೆದವರಿಗೆ ತೆರಿಗೆಯ ಆದಾಯವಲ್ಲ. ಕೊಟ್ಟವರಿಗೆ ಅದು ದತ್ತಿಯ ಕಡಿತವಾಗಿಯೂ ಸಿಗುವುದಿಲ್ಲ.

ಹಣ ಕೂಡಿಸುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ, ಬಹಳ ಮಂದಿ ಇದನ್ನು ಮರೆಯುತ್ತಾರೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳು ಕಡಿಮೆ ಆದಾಯದವರಿಗೂ, ವಿಮೆಯಿದ್ದೂ ಭಾರಿ ವೈದ್ಯಕೀಯ ಖರ್ಚಿಗೆ ಸಿಕ್ಕವರಿಗೂ ರಿಯಾಯಿತಿ ಅಥವಾ ಉಚಿತ ಚಿಕಿತ್ಸೆಯ ನೀತಿಯನ್ನು ಹೊಂದಿರಲೇಬೇಕು ಎಂದು ರಾಜ್ಯದ ಕಾನೂನು ಹೇಳುತ್ತದೆ, ಮತ್ತು 2022ರಿಂದ ಅದರ ಆದಾಯ ಮಿತಿಯನ್ನು ಫೆಡರಲ್ ಬಡತನ ರೇಖೆಯ 400 ಪ್ರತಿಶತಕ್ಕೆ ಏರಿಸಿದ್ದಾರೆ. ಸಂಬಳ ನಿಂತ ಕುಟುಂಬ ಈ ಮಿತಿಯೊಳಗೆ ಬರುವುದು ಅಸಾಧ್ಯವೇನಲ್ಲ. ಅವರ ಪತ್ನಿ ಆಸ್ಪತ್ರೆಯ ಹಣಕಾಸು ನೆರವಿನ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳಲಿ. ಬಿಲ್ಲಿನ ಮೊತ್ತ ಅಲ್ಲಿ ಇಳಿದ ಮೇಲೆ ಉಳಿಯುವುದಕ್ಕೆ ಮಾತ್ರ ನೀವು ಚಂದಾ ಎತ್ತಿದರೆ, ‘ಭರಿಸಲಾಗದ ಖರ್ಚು’ ಎಂಬ ನಿಯಮದ ಮಾತೂ ಗಟ್ಟಿಯಾಗಿ ನಿಲ್ಲುತ್ತದೆ.

ಕೊನೆಯದಾಗಿ, ಯಾರನ್ನು ಕೇಳಬೇಕು ಎಂಬುದು. ಸಿಟಿ ಅಟಾರ್ನಿ ನಗರದ ಸಂಹಿತೆಯನ್ನು ವಿವರಿಸಬಲ್ಲರು, ಅವರನ್ನು ಮೊದಲು ಕಾಣಿ. ಆದರೆ ಅವರು ನಗರದ ವಕೀಲರು, ನಿಮ್ಮವರೂ ಉಪನಿರ್ದೇಶಕರವರೂ ಅಲ್ಲ, ಮತ್ತು ರಾಜ್ಯದ ಕಾಯ್ದೆಯ ಕ್ರಮದಿಂದ ಅವರ ಸಲಹೆ ರಕ್ಷಣೆ ಕೊಡುವುದಿಲ್ಲ. ಆ ರಕ್ಷಣೆ ಬರುವುದು ಎಫ್‌ಪಿಪಿಸಿಯ ಲಿಖಿತ ಸಲಹೆಯಿಂದ, ಎಲ್ಲ ಸಂಗತಿಗಳನ್ನೂ ಸತ್ಯವಾಗಿ ತಿಳಿಸಿ ಕೇಳಿದಾಗ. ಅದನ್ನು ಉಪನಿರ್ದೇಶಕರೇ ಅಥವಾ ಅವರು ಅಧಿಕೃತವಾಗಿ ಒಪ್ಪಿಸಿದವರೇ ಕೇಳಬೇಕು, ಮೂರನೆಯವರ ವರ್ತನೆಯ ಬಗ್ಗೆ ಅಥವಾ ಈಗಾಗಲೇ ಆಗಿಹೋದದ್ದರ ಬಗ್ಗೆ ಆಯೋಗ ಸಲಹೆ ನೀಡುವುದಿಲ್ಲ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಅವಧಿ 21 ಕೆಲಸದ ದಿನಗಳು. ಆದ್ದರಿಂದ ಎಂಜಿನಿಯರ್ ಹಣವನ್ನು ಮರಳಿಸುವುದಕ್ಕೆ ಆ ಉತ್ತರವನ್ನು ಕಾಯಬೇಡಿ. ರಜೆಯ ಅರ್ಜಿಯನ್ನು ಈ ವಾರವೇ ಕಳುಹಿಸಿ, ನಗದಿನ ಚಂದಾವನ್ನು ಮಾತ್ರ ನಗರದ ಸಂಹಿತೆಯನ್ನು ಓದಿ ಮುಗಿಸುವವರೆಗೆ ತಡೆದಿಡಿ.